ಪಿಎಂ ರಿಪೋರ್ಟ್ ಮೇಲೆ ಅನುಮಾನ ಇದ್ದಾಗ ಕೊಲೆ ಕೇಸಿನ ಅಪೀಲು

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸೆಷನ್ಸ್ ಕೋರ್ಟು ಕೊಲೆ ಕೇಸಿನಲ್ಲಿ ಒಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದೆ ಅಂದುಕೊಳ್ಳಿ. ಮನೆಯವರು ಕೋರ್ಟಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ಮಾತು ಶುರುವಾಗುತ್ತದೆ. ‘ಡಾಕ್ಟರ್ ಬರೆದಿರೋದೇ ಸರಿ ಇಲ್ಲ. ಹೈಕೋರ್ಟಿನಲ್ಲಿ ಇದು ನಿಲ್ಲಲ್ಲ ಬಿಡಿ.’

ಈ ಮಾತು ಕೆಲವು ಕೇಸುಗಳಲ್ಲಿ ನಿಜವಾಗುತ್ತದೆ. ಜಾಸ್ತಿ ಕೇಸುಗಳಲ್ಲಿ ಅರ್ಧ ನಿಜವಾಗಿ ಉಳಿಯುತ್ತದೆ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ, ಅಂದರೆ ಪಿಎಂ ರಿಪೋರ್ಟಿನಲ್ಲಿ, ತಪ್ಪು ಇದೆ ಅಂದ ಮಾತ್ರಕ್ಕೆ ಶಿಕ್ಷೆ ರದ್ದಾಗುವುದಿಲ್ಲ. ಹಾಗಂತ ವೈದ್ಯರು ಸಹಿ ಹಾಕಿದ್ದಾರೆ ಅಂದ ಮಾತ್ರಕ್ಕೆ ಅದು ಪ್ರಶ್ನೆ ಮಾಡಬಾರದ ಕಾಗದವೂ ಆಗುವುದಿಲ್ಲ. ಅಪೀಲಿಗೆ ಕೈ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಡಾಕ್ಟರ ಮಾತನ್ನು ಪಕ್ಕಕ್ಕೆ ಇಟ್ಟರೆ ಈ ಕೇಸಿನಲ್ಲಿ ಇನ್ನೇನು ಉಳಿಯುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅಪೀಲು ಎಲ್ಲಿಂದ ಶುರುವಾಗಬೇಕು ಅನ್ನುವುದೂ ಸಿಗುತ್ತದೆ.

ವೈದ್ಯರು ಹೇಳಬಲ್ಲದ್ದು ಎಷ್ಟು?

ನಮ್ಮ ಕಡೆ ಎಷ್ಟೋ ಕೊಲೆ ಕೇಸುಗಳು ಮೊದಲ ದಿನ ಕೊಲೆ ಕೇಸೇ ಆಗಿರುವುದಿಲ್ಲ. ತೋಟದಲ್ಲಿ, ಕೆರೆಯಲ್ಲಿ, ಎಸ್ಟೇಟ್ ಕಾರ್ಮಿಕರ ಲೈನ್ ಮನೆಯಲ್ಲಿ ಶವ ಸಿಗುತ್ತದೆ. ಪೊಲೀಸರು ಯುಡಿಆರ್ ದಾಖಲಿಸುತ್ತಾರೆ, ಅಂದರೆ ಅಸಹಜ ಸಾವು ಅಂತ. ಶವದ ಪಂಚನಾಮೆ ಆಗುತ್ತದೆ. ಶವ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗುತ್ತದೆ. ವೈದ್ಯರ ಅಭಿಪ್ರಾಯ ಬಂದ ಮೇಲೆ ಅದೇ ಯುಡಿಆರ್ ಕೊಲೆ ಕೇಸಾಗಿ ಬದಲಾಗುತ್ತದೆ. ಇಂಥ ಕೇಸುಗಳಲ್ಲಿ ಇಡೀ ಕಟ್ಟಡ ನಿಂತಿರುವುದೇ ಆ ಎರಡು ಮೂರು ಪುಟಗಳ ಮೇಲೆ.

ಆ ಪುಟಗಳನ್ನು ಬರೆದವರು ಯಾವಾಗಲೂ ವಿಧಿವಿಜ್ಞಾನ ಓದಿದ ತಜ್ಞರೇ ಆಗಿರುವುದಿಲ್ಲ. ಮೆಡಿಕಲ್ ಕಾಲೇಜುಗಳಲ್ಲಿ ಅದಕ್ಕೇ ಮೀಸಲಾದ ವಿಭಾಗ ಇರುತ್ತದೆ. ತಾಲ್ಲೂಕು ಮಟ್ಟದಲ್ಲಿ ಬೆಳಗ್ಗೆಯಿಂದ ಹೊರರೋಗಿಗಳನ್ನು ನೋಡಿ, ನಡುವೆ ಶವಾಗಾರಕ್ಕೆ ಹೋಗಿ ಬರುವ ವೈದ್ಯಾಧಿಕಾರಿಯೇ ಶವಪರೀಕ್ಷೆ ಮಾಡಿರುವುದು ಮಾಮೂಲು. ಅವರ ಮೇಲೆ ಇದು ದೂರಲ್ಲ. ಇರುವ ವ್ಯವಸ್ಥೆಯೇ ಹಾಗಿದೆ. ಆದರೆ ಅಪೀಲಿನಲ್ಲಿ ಈ ಸಂಗತಿ ಲೆಕ್ಕಕ್ಕೆ ಬರುತ್ತದೆ.

ಶವಪರೀಕ್ಷೆ ಮಾಡಿದ ವೈದ್ಯರ ಮುಂದೆ ಮೂರು ಪ್ರಶ್ನೆ ಇರುತ್ತವೆ. ಸಾವಿಗೆ ಕಾರಣ ಏನು? ಸಾವು ಯಾವಾಗ ಆಯಿತು? ಅದು ಕೊಲೆಯೋ, ಆತ್ಮಹತ್ಯೆಯೋ, ಅಪಘಾತವೋ? ಮೊದಲನೆಯದಕ್ಕೆ ಸಾಮಾನ್ಯವಾಗಿ ಗಟ್ಟಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಅಂದಾಜು ಮಾತ್ರ. ಮೂರನೆಯದಕ್ಕೆ ವೈದ್ಯರು ಸುಳಿವು ಕೊಡಬಹುದು, ತೀರ್ಮಾನ ಮಾತ್ರ ನ್ಯಾಯಾಧೀಶರದ್ದು. ಯಾರು ಮಾಡಿದರು ಅನ್ನುವುದಕ್ಕೆ ಶವಪರೀಕ್ಷೆ ಉತ್ತರ ಕೊಡುವುದೇ ಇಲ್ಲ. ತೀರ್ಪು ಓದುವಾಗ ಈ ನಾಲ್ಕೂ ಕಲಸಿಹೋಗಿವೆಯಾ ನೋಡಿ. ಎಷ್ಟೋ ಸಲ ‘ವೈದ್ಯಕೀಯ ಸಾಕ್ಷ್ಯ ಪ್ರಾಸಿಕ್ಯೂಷನ್ ಕಥೆಗೆ ಹೊಂದುತ್ತದೆ’ ಅನ್ನುವ ಒಂದೇ ವಾಕ್ಯದಲ್ಲಿ ನಾಲ್ಕನ್ನೂ ಮುಗಿಸಿಬಿಟ್ಟಿರುತ್ತಾರೆ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಪಿಎಂ ರಿಪೋರ್ಟ್ ಅನ್ನುವ ಕಾಗದ ತಾನಾಗಿಯೇ ಪೂರ್ಣ ಸಾಕ್ಷ್ಯ ಅಲ್ಲ. ವೈದ್ಯರು ಕಟಕಟೆಗೆ ಬಂದು ಪ್ರಮಾಣ ಮಾಡಿ ಹೇಳಬೇಕು. ಆರೋಪಿ ಕಡೆ ವಕೀಲರು ಪಾಟಿ ಸವಾಲು ಮಾಡಬೇಕು. ಆ ಮಾತೇ ಸಾಕ್ಷ್ಯ. ಆರೋಪಿ ಕಡೆಯವರೇ ‘ವರದಿಗೆ ನಮ್ಮ ಅಭ್ಯಂತರ ಇಲ್ಲ’ ಅಂದುಬಿಟ್ಟರೆ ಮಾತ್ರ ವೈದ್ಯರನ್ನು ಕರೆಸದೆ ಅದನ್ನು ಓದಿಕೊಳ್ಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 294ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 330. ಸಮಯ ಉಳಿಸಲು ಹೀಗೆ ಒಪ್ಪಿಕೊಂಡಿರುವ ಕೇಸುಗಳಿವೆ. ಆಮೇಲೆ ಅಪೀಲಿನಲ್ಲಿ ಅದೇ ವರದಿಯನ್ನು ತಪ್ಪು ಅನ್ನುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ಸರ್ಕಾರಿ ಪ್ರಯೋಗಾಲಯದ ವರದಿ ಬೇರೆ ಥರ. ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯ ಅಂದರೆ ಎಫ್‌ಎಸ್‌ಎಲ್‌ನಿಂದಲೋ ಮೈಸೂರಿನ ಪ್ರಾದೇಶಿಕ ಪ್ರಯೋಗಾಲಯದಿಂದಲೋ ಬಂದ ವರದಿಯನ್ನು ಅಲ್ಲಿನ ಅಧಿಕಾರಿ ಖುದ್ದಾಗಿ ಬಾರದಿದ್ದರೂ ಸಾಕ್ಷ್ಯವಾಗಿ ಓದಬಹುದು. ಆದರೆ ಬೇಕಾದರೆ ಅವರನ್ನು ಕರೆಸಿ ಎಂದು ಕೇಳುವ ದಾರಿ ಕಾನೂನಿನಲ್ಲೇ ಇದೆ. ಬಳಸುವವರು ಕಡಿಮೆ.

ಕಣ್ಣಾರೆ ಕಂಡವರು ಇದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಬೇರೆಯೇ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಡಾಕ್ಟರ ಮಾತು ತೆಗೆದಿಟ್ಟರೆ ಏನು ಉಳಿಯುತ್ತದೆ?

ಪ್ರತ್ಯಕ್ಷ ಸಾಕ್ಷಿಗಳು ಇದ್ದಾರೆ, ಅವರ ಮಾತು ನಂಬುವ ಹಾಗಿದೆ ಅಂದರೆ ವೈದ್ಯಕೀಯ ಸಾಕ್ಷ್ಯಕ್ಕೆ ಪೋಷಕ ಪಾತ್ರ ಮಾತ್ರ. 1983ರ ಸೋಲಂಕಿ ಚಿಮನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಸಾಕ್ಷಿ ಹೇಳಿದ ರೀತಿಯಲ್ಲಿ ಆ ಗಾಯ ಆಗಲು ಸಾಧ್ಯವೇ ಇಲ್ಲ ಎನ್ನುವಷ್ಟು ವೈದ್ಯಕೀಯ ಸಾಕ್ಷ್ಯ ಗಟ್ಟಿ ಇದ್ದರೆ ಮಾತ್ರ ಕಣ್ಣಾರೆ ಕಂಡವರ ಮಾತು ಬೀಳುತ್ತದೆ. 2010ರ ಅಬ್ದುಲ್ ಸಯೀದ್ ಪ್ರಕರಣದಲ್ಲಿ ಹಳೆಯ ತೀರ್ಪುಗಳನ್ನೆಲ್ಲ ನೋಡಿ ಇದೇ ಮಾತನ್ನು ಮತ್ತೆ ಹೇಳಿದರು. ಹಾಗಾಗಿ ಸಾಕ್ಷಿ ‘ಮೂರು ಏಟು’ ಅಂದು, ವರದಿಯಲ್ಲಿ ನಾಲ್ಕು ಗಾಯ ಇದ್ದರೆ ಅದೊಂದನ್ನೇ ಹಿಡಿದುಕೊಂಡು ಹೈಕೋರ್ಟಿಗೆ ಹೋದರೆ ಏನೂ ಸಿಗುವುದಿಲ್ಲ. ಗದ್ದಲದಲ್ಲಿ ಯಾರೂ ಏಟು ಎಣಿಸಿಕೊಂಡು ನಿಂತಿರುವುದಿಲ್ಲ, ಅಲ್ವಾ?

ಆದರೆ ಸಾಕ್ಷಿ ‘ಎದುರಿಗೆ ನಿಂತು ಕೋವಿಯಿಂದ ಹೊಡೆದ’ ಅನ್ನುತ್ತಾರೆ, ಗಾಯದ ಸುತ್ತ ಹತ್ತಿರದ ಗುಂಡಿಗೆ ಆಗುವ ಸುಟ್ಟ ಕಪ್ಪು ಇಲ್ಲ, ಚರೆಗಳು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಮೈ ತುಂಬ ಹರಡಿವೆ ಅಂದರೆ ಅದು ಎಣಿಕೆಯ ತಪ್ಪಲ್ಲ. ಚರೆ ದೂರ ಹೋದಷ್ಟೂ ಹರಡುತ್ತದೆ. ಸಾಕ್ಷಿ ಹೇಳಿದ ಜಾಗದಲ್ಲಿ ಹೊಡೆದವನು ನಿಂತೇ ಇರಲಿಲ್ಲ ಎಂದು ಅದು ಹೇಳುತ್ತಿರಬಹುದು. ಇಂಥ ಮೂಲಭೂತ ವಿರೋಧ ಇದ್ದರೆ, ಅದಕ್ಕೆ ಸರಿಯಾದ ವಿವರಣೆಯೂ ಇಲ್ಲದಿದ್ದರೆ, ಅದೊಂದೇ ಪ್ರಾಸಿಕ್ಯೂಷನ್ ಕೇಸನ್ನು ಕೆಡವಬಹುದು ಅಂತ 1975ರ ರಾಮ್ ನಾರಾಯಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಂಡವರು ಯಾರೂ ಇಲ್ಲ, ಕೇಸು ಸಾಂದರ್ಭಿಕ ಸಾಕ್ಷ್ಯದ್ದು ಅಂದರೆ ಲೆಕ್ಕ ತಿರುಗುತ್ತದೆ. ಇಲ್ಲಿ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು ಇವತ್ತಿಗೂ ಅಳತೆಗೋಲು. ಪುಣೆಯ ಪ್ರಕರಣ. ಸಾರ್ದಾ ಅವರ ಹೆಂಡತಿ ಸತ್ತಿದ್ದು ಸಯನೈಡ್‌ನಿಂದ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಕೊಟ್ಟು ಕೊಂದರೋ, ಆಕೆಯೇ ಕುಡಿದರೋ ಅನ್ನುವುದು ಪ್ರಶ್ನೆ. ಸೆಷನ್ಸ್ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟಿತ್ತು, ಬಾಂಬೆ ಹೈಕೋರ್ಟ್ ಅದನ್ನು ಖಾಯಂ ಮಾಡಿತ್ತು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಪ್ರತಿಯೊಂದು ಸಂದರ್ಭವೂ ಪೂರ್ತಿ ಸಾಬೀತಾಗಬೇಕು, ಎಲ್ಲ ಸೇರಿ ಆರೋಪಿಯ ಕಡೆಗೆ ಮಾತ್ರ ಬೆರಳು ತೋರಿಸಬೇಕು, ಬೇರೆ ಯಾವ ಸಾಧ್ಯತೆಗೂ ಜಾಗ ಉಳಿಯಬಾರದು ಅನ್ನುವುದು ಆ ತೀರ್ಪಿನ ತಿರುಳು. ‘ಮಾಡಿರಬಹುದು’ ಮತ್ತು ‘ಮಾಡಿದ್ದಾನೆ’ ನಡುವಿನ ಅಂತರ ದೊಡ್ಡದು. ಅದನ್ನು ಊಹೆಯಿಂದ ತುಂಬುವ ಹಾಗಿಲ್ಲ.

ಇಂಥ ಕೇಸಿನಲ್ಲಿ ‘ಇದು ಕೊಲೆಯೇ’ ಅನ್ನುವ ವೈದ್ಯರ ಮಾತು ಸರಪಳಿಯ ಮೊದಲ ಕೊಂಡಿ. ಅದು ಬಿಟ್ಟರೆ ಉಳಿದವು ಜೋತಾಡುತ್ತವೆ. ಗಂಡ ಹೆಂಡತಿ ಇಬ್ಬರೇ ಇದ್ದ ಮನೆಯಲ್ಲಿ ಹೆಂಡತಿ ಸತ್ತರೆ ಏನಾಯಿತೆಂದು ಗಂಡನೇ ವಿವರಿಸಬೇಕು ಅನ್ನುವ ನಿಯಮ ಇದೆ. ಹಳೆಯ ಸಾಕ್ಷ್ಯ ಅಧಿನಿಯಮದ 106, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 109. ತುಂಬ ಶಿಕ್ಷೆಗಳು ಇದರ ಮೇಲೆ ನಿಂತಿರುತ್ತವೆ. ಆದರೆ ಪ್ರಾಸಿಕ್ಯೂಷನ್ ಮೊದಲು ತನ್ನ ಹೊರೆ ತಾನು ಹೊರಬೇಕು, ಈ ಕಲಂ ಆ ಹೊರೆ ಇಳಿಸಲು ಇರುವುದಲ್ಲ ಎಂದು 1956ರಲ್ಲೇ ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾವು ಕೊಲೆಯೇ ಅನ್ನುವುದು ಮೊದಲು ನಿಲ್ಲಬೇಕು. ಆಮೇಲೆ ಗಂಡನ ವಿವರಣೆಯ ಮಾತು.

ಕುತ್ತಿಗೆಯ ಗುರುತು

ಇದನ್ನು ಹತ್ತಿರದಿಂದ ನೋಡೋಣ. ಒಂದು ಕಲ್ಪಿತ ಕೇಸು. ಮೂಡಿಗೆರೆ ಕಡೆಯ ಎಸ್ಟೇಟಿನ ಲೈನ್ ಮನೆ. ಹೆಂಗಸೊಬ್ಬರು ಸೀರೆಯಲ್ಲಿ ನೇಣು ಹಾಕಿಕೊಂಡ ಸ್ಥಿತಿಯಲ್ಲಿ ಸಿಗುತ್ತಾರೆ. ಯುಡಿಆರ್ ಆಗುತ್ತದೆ. ವೈದ್ಯರು ‘ಕುತ್ತಿಗೆ ಬಿಗಿದು ಉಸಿರುಗಟ್ಟಿ ಸಾವು’ ಅಂತ ಬರೆಯುತ್ತಾರೆ. ಗಂಡನ ಮೇಲೆ ಕೊಲೆ ಕೇಸು. ಶಿಕ್ಷೆ.

ನೇಣಿನ ಗುರುತು ಸಾಮಾನ್ಯವಾಗಿ ಕುತ್ತಿಗೆಯ ಮೇಲ್ಭಾಗದಲ್ಲಿರುತ್ತದೆ. ಓರೆಯಾಗಿ ಕಿವಿಯ ಹಿಂದಕ್ಕೆ ಏರುತ್ತದೆ, ಗಂಟು ಇದ್ದ ಕಡೆ ಕಡಿದುಹೋಗಿರುತ್ತದೆ. ಇನ್ನೊಬ್ಬರು ಹಗ್ಗ ಬಿಗಿದಿದ್ದರೆ ಗುರುತು ಸ್ವಲ್ಪ ಕೆಳಗೆ, ಅಡ್ಡಕ್ಕೆ, ಸುತ್ತಲೂ ಇರುತ್ತದೆ. ಇದು ಸಾಮಾನ್ಯ ನಿಯಮ. ಕಾಲು ನೆಲಕ್ಕೆ ತಾಗುವಂತೆ ಅಥವಾ ಕುಳಿತ ಭಂಗಿಯಲ್ಲಿ ನೇಣಾದರೆ ಗುರುತು ಕೆಳಗೆ, ಹೆಚ್ಚುಕಡಿಮೆ ಅಡ್ಡಕ್ಕೇ ಬೀಳಬಹುದು. ಲೈನ್ ಮನೆಯ ಸೂರು ತಗ್ಗಾಗಿದ್ದರೆ ಈ ಸಾಧ್ಯತೆಯನ್ನು ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಪಂಚನಾಮೆಯಲ್ಲಿ ಸೂರಿನ ಎತ್ತರ, ಸೀರೆಯ ಉದ್ದ, ಕಾಲು ಎಲ್ಲಿತ್ತು ಅನ್ನುವುದು ಬರೆದಿದೆಯಾ ನೋಡಬೇಕು.

ಇನ್ನು ಹಯಾಯ್ಡ್ ಮೂಳೆ. ನಾಲಿಗೆಯ ಬುಡದಲ್ಲಿ ಕುದುರೆ ಲಾಳದ ಆಕಾರದಲ್ಲಿರುವ ಸಣ್ಣ ಮೂಳೆ. ಅದು ಮುರಿದಿದೆ ಅಂದ ತಕ್ಷಣ ‘ಕತ್ತು ಹಿಸುಕಿದ್ದಾರೆ’ ಅನ್ನುವ ತೀರ್ಮಾನಕ್ಕೆ ಬರುವುದನ್ನು ಪದೇ ಪದೇ ನೋಡುತ್ತೇವೆ. ಕೈಯಿಂದ ಹಿಸುಕಿದಾಗ ಅದು ಮುರಿಯುವುದು ಜಾಸ್ತಿ, ನಿಜ. ಆದರೆ ವಯಸ್ಸಾದವರಲ್ಲಿ ನೇಣಿನಿಂದಲೂ ಮುರಿಯುತ್ತದೆ. ಹರೆಯದವರಲ್ಲಿ ಹಿಸುಕಿದರೂ ಬಾಗಿ ಹಾಗೇ ಉಳಿಯಬಹುದು. ಮುರಿದಿದೆ ಅನ್ನುವುದೂ ಮುರಿದಿಲ್ಲ ಅನ್ನುವುದೂ ತಾನೊಂದೇ ಏನನ್ನೂ ಸಾಬೀತು ಮಾಡುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿ ಇದೆ. ಉಸಿರುಗಟ್ಟಿ ಸತ್ತ ಅನುಮಾನ ಇರುವ ಶವದಲ್ಲಿ ಮೊದಲು ತಲೆ ಮತ್ತು ಎದೆಯನ್ನು ತೆರೆದು ರಕ್ತ ಬಸಿದುಹೋಗಲು ಬಿಡಬೇಕು. ಆಮೇಲೆ ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಬೇಕು. ಕುತ್ತಿಗೆಯನ್ನೇ ಮೊದಲು ಕೊಯ್ದರೆ, ಕೊಯ್ಯುವಾಗ ಸೋರಿದ ರಕ್ತ ಮಾಂಸದೊಳಗೆ ಹರಡಿ, ಬದುಕಿದ್ದಾಗ ಯಾರೋ ಹಿಸುಕಿದ ಕಂದಿದ ಗುರುತಿನ ಹಾಗೇ ಕಾಣಬಹುದು. ಯಾವ ಕ್ರಮದಲ್ಲಿ ಮಾಡಿದಿರಿ ಅಂತ ಪಾಟಿ ಸವಾಲಿನಲ್ಲಿ ಕೇಳಿದ್ದಾರಾ? ವರದಿಯಲ್ಲಿ ಬರೆದಿದೆಯಾ? ಫೋಟೋ ಇದೆಯಾ? ಈ ಮೂರಕ್ಕೂ ‘ಇಲ್ಲ’ ಅಂತಾದರೆ, ಬೇರೆ ಗಟ್ಟಿ ಸಾಕ್ಷ್ಯವೂ ಇಲ್ಲದಿದ್ದರೆ, ಅಪೀಲಿಗೆ ನಿಜವಾದ ಬಲ ಇದೆ ಅನ್ನಬಹುದು.

ಹಾಗಂತ ಆ ಗಂಡ ನಿರಪರಾಧಿ ಅಂತಲೂ ಇದರಿಂದ ಹೊರಡುವುದಿಲ್ಲ. ಮೈಮೇಲೆ ಪರಚಿದ ಗಾಯ, ಒಡೆದ ಬಳೆ, ಹಿಂದಿನ ದಿನದ ಜಗಳ, ಸಾವಿನ ನಂತರ ಅವನು ನಡೆದುಕೊಂಡ ರೀತಿ, ಇವೆಲ್ಲವನ್ನೂ ಹೈಕೋರ್ಟ್ ತೂಗುತ್ತದೆ. ಸತ್ತ ಹೆಂಗಸಿನ ತವರಿನವರೂ ನ್ಯಾಯ ಕೇಳಿಕೊಂಡೇ ಕೋರ್ಟಿಗೆ ಬಂದವರು. ವೈದ್ಯಕೀಯ ಸತ್ಯ ಸರಿಯಾಗಿ ಹೊರಗೆ ಬರುವುದು ಇಬ್ಬರಿಗೂ ಬೇಕು.

‘12ರಿಂದ 24 ಗಂಟೆ’

ಪಿಎಂ ರಿಪೋರ್ಟಿನಲ್ಲಿ ತುಂಬ ಸಲ ಕಾಣುವ ಸಾಲು ಇದು: ಪರೀಕ್ಷೆಗೆ 12ರಿಂದ 24 ಗಂಟೆ ಮೊದಲು ಸಾವು ಸಂಭವಿಸಿದೆ. ಇದನ್ನು ಗಡಿಯಾರದ ಮೇಲೆ ಇಟ್ಟು ನೋಡಿ. ಪರೀಕ್ಷೆ ಮಧ್ಯಾಹ್ನ 2ಕ್ಕೆ ಶುರುವಾಗಿದ್ದರೆ ಸಾವು ಹಿಂದಿನ ದಿನ ಮಧ್ಯಾಹ್ನ 2ರಿಂದ ಆ ರಾತ್ರಿ 2ರ ನಡುವೆ ಯಾವಾಗ ಬೇಕಾದರೂ ಆಗಿರಬಹುದು.

ಈಗ ಪ್ರಾಸಿಕ್ಯೂಷನ್ ಕಥೆ ಹೀಗಿದೆ ಅಂದುಕೊಳ್ಳಿ. ಸಕಲೇಶಪುರದ ಹತ್ತಿರ, ಸಂಜೆ 7ಕ್ಕೆ ಇಬ್ಬರೂ ಅಂಗಡಿ ಮುಂದೆ ಒಟ್ಟಿಗೆ ಇದ್ದರು. 8ಕ್ಕೆ ಕೊಲೆ. ಬೆಳಗ್ಗೆ ಹಳ್ಳದಲ್ಲಿ ಶವ. ತೀರ್ಪು ‘ವೈದ್ಯರು ಹೇಳಿದ ಸಮಯ 8 ಗಂಟೆಗೆ ಹೊಂದುತ್ತದೆ’ ಅನ್ನುತ್ತದೆ. ಹೊಂದುತ್ತದೆ, ಸರಿ. ರಾತ್ರಿ 1 ಗಂಟೆಗೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಆ ಹೊತ್ತಿಗೆ ಆರೋಪಿ ಹಾಸನದಲ್ಲಿದ್ದ ಅಂತ ಮೊಬೈಲ್ ಟವರ್ ದಾಖಲೆ ತೋರಿಸಿದರೆ? ಕೊನೆಗೆ ಒಟ್ಟಿಗೆ ಕಂಡಿದ್ದು ಮತ್ತು ಶವ ಸಿಕ್ಕಿದ್ದರ ನಡುವಿನ ಅಂತರ ಬೇರೆಯವರು ನಡುವೆ ಬರಲು ಸಾಧ್ಯವಿಲ್ಲದಷ್ಟು ಚಿಕ್ಕದಿರಬೇಕು ಅಂತ 2005ರ ಸತೀಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹನ್ನೆರಡು ಗಂಟೆಯ ಕಿಟಕಿ ಆ ಅಂತರವನ್ನು ಚಿಕ್ಕದು ಮಾಡುವುದಿಲ್ಲ.

ಮಲೆನಾಡಿನಲ್ಲಿ ಈ ಅಂದಾಜು ಇನ್ನೂ ಸಡಿಲ. ಶವ ಸೆಟೆದುಕೊಳ್ಳುವುದು, ಮತ್ತೆ ಸಡಿಲವಾಗುವುದು ಹವೆಯನ್ನು ಅವಲಂಬಿಸಿದೆ. ಸೆಕೆಯಲ್ಲಿ ಬೇಗ ಶುರುವಾಗಿ ಬೇಗ ಮುಗಿಯುತ್ತದೆ, ಚಳಿಯಲ್ಲಿ ನಿಧಾನವಾಗಿ ಶುರುವಾಗಿ ತುಂಬ ಹೊತ್ತು ಉಳಿಯುತ್ತದೆ. ಜುಲೈ ಮಳೆಯಲ್ಲಿ ರಾತ್ರಿಯಿಡೀ ಹಳ್ಳದ ತಣ್ಣೀರಿನಲ್ಲಿದ್ದ ಶವಕ್ಕೂ ಏಪ್ರಿಲ್‌ನಲ್ಲಿ ಅರಸೀಕೆರೆಯ ಬಯಲಿನಲ್ಲಿ ಸಿಕ್ಕ ಶವಕ್ಕೂ ಒಂದೇ ಲೆಕ್ಕ ಹಾಕುವ ಹಾಗಿಲ್ಲ. ನೀರಿನಲ್ಲಿ ಕೊಳೆಯುವುದೂ ಗಾಳಿಗಿಂತ ನಿಧಾನ. ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ಅನ್ನ ಸಿಕ್ಕಿದೆ, ಹಾಗಾಗಿ ಊಟವಾಗಿ ಎರಡು ಗಂಟೆಗೆ ಸಾವು ಅನ್ನುವ ಮಾತೂ ಅಷ್ಟೇ. ಊಟದ ಪ್ರಮಾಣ, ಭಯ, ಕುಡಿತ, ಎಲ್ಲವೂ ಜೀರ್ಣದ ಹೊತ್ತನ್ನು ಬದಲಿಸುತ್ತವೆ.

ಹಳ್ಳದ ಶವದ ಮೇಲಿನ ಗಾಯಗಳದ್ದು ಇನ್ನೊಂದು ಕಷ್ಟ. ನೀರಿನ ಸೆಳವಿಗೆ ಬಂಡೆಗೆ ಉಜ್ಜಿ, ಬೇರಿಗೆ ಸಿಕ್ಕಿ ಆದ ಗಾಯ ಯಾವುದು, ಬದುಕಿದ್ದಾಗ ಆದದ್ದು ಯಾವುದು? ವೈದ್ಯರು ಪ್ರತಿ ಗಾಯಕ್ಕೂ ಬಿಡಿಯಾಗಿ ಇದನ್ನು ಹೇಳಿರಬೇಕು. ‘ಎಲ್ಲ ಗಾಯಗಳೂ ಸಾವಿಗೆ ಮೊದಲಿನವು’ ಅಂತ ಒಟ್ಟಾಗಿ ಬರೆದಿದ್ದರೆ ಅಲ್ಲಿ ನಿಂತು ಯೋಚಿಸಬೇಕು.

ವಿಷದ ಕೇಸುಗಳ ಬಗ್ಗೆ ಒಂದೇ ಮಾತು. ಒಳಾಂಗಗಳ ತುಣುಕನ್ನು ಉಪ್ಪಿನ ದ್ರಾವಣದಲ್ಲಿಟ್ಟು, ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಯಾವ ದಿನ ಸೀಲ್ ಆಯಿತು, ಠಾಣೆಯಲ್ಲಿ ಎಷ್ಟು ದಿನ ಕೂತಿತ್ತು, ಯಾವ ಪೇದೆ ಒಯ್ದರು, ಪ್ರಯೋಗಾಲಯಕ್ಕೆ ತಲುಪಿದಾಗ ಸೀಲ್ ಸರಿ ಇತ್ತಾ ಅನ್ನುವುದು ದಾಖಲೆಯಲ್ಲಿರುತ್ತದೆ. ವರದಿಯಲ್ಲಿ ವಿಷ ಸಿಗಲಿಲ್ಲ ಅಂದರೆ ವಿಷವೇ ಇರಲಿಲ್ಲ ಅಂತಲ್ಲ. ಕೀಟನಾಶಕ ಕುಡಿದು ಆಸ್ಪತ್ರೆಯಲ್ಲಿ ಕೆಲವು ದಿನ ಬದುಕಿದ್ದವರಲ್ಲಿ ಅದು ಸಿಗದೇ ಹೋಗಬಹುದು. ಅನುಮಾನ ಎರಡೂ ಕಡೆಗೆ ಓಡುತ್ತದೆ.

ಕೊಲೆಯಿಂದ ಕೆಳಗಿನ ಅಪರಾಧಕ್ಕೆ

ಎಲ್ಲ ಅಪೀಲೂ ಬಿಡುಗಡೆಗೇ ಅಂತಿಲ್ಲ. ಗದ್ದೆ ಬದುವಿನ ಜಗಳ. ದೊಣ್ಣೆಯಿಂದ ಒಂದೇಟು. ಗಾಯಾಳು ಆಸ್ಪತ್ರೆಯಲ್ಲಿ ಎರಡು ವಾರ ಇದ್ದು, ಸೋಂಕು ಏರಿ ತೀರಿಕೊಂಡರು. ಇದು ಕೊಲೆಯೇ? ‘ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದರು’ ಅನ್ನುವ ವಾದ ಸುಮ್ನೆ ನಿಲ್ಲುವುದಿಲ್ಲ. ಚಿಕಿತ್ಸೆಯಿಂದ ಸಾವು ತಪ್ಪಿಸಬಹುದಿತ್ತು ಅನ್ನುವ ಕಾರಣಕ್ಕೆ ಗಾಯ ಮಾಡಿದವನು ಹೊಣೆಯಿಂದ ಪಾರಾಗುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ಆದರೆ ಆ ಗಾಯ ಸಹಜ ಕ್ರಮದಲ್ಲಿ ಸಾವಿಗೆ ಸಾಕಾಗುವಂಥದ್ದಾ ಅನ್ನುವುದನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು. 1958ರ ವಿರ್ಸಾ ಸಿಂಗ್ ತೀರ್ಪಿನಿಂದ ಇದು ನಿಂತ ನಿಯಮ. ಆ ಮಾತು ವೈದ್ಯರ ಬಾಯಿಂದ ಬಂದಿದೆಯಾ, ಆಸ್ಪತ್ರೆಯ ಕೇಸ್ ಶೀಟ್ ಅದಕ್ಕೆ ಹೊಂದುತ್ತದಾ ನೋಡಬೇಕು. ಇಲ್ಲದಿದ್ದರೆ ಹೈಕೋರ್ಟ್ 302ನೇ ಕಲಂನ (ಕೊಲೆ) ಶಿಕ್ಷೆಯನ್ನು 304ಕ್ಕೆ (ಕೊಲೆಯಲ್ಲದ ನರಹತ್ಯೆ) ಇಳಿಸಬಹುದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 103 ಮತ್ತು 105. ಮನೆಯವರಿಗೆ ಇದು ಸೋಲು ಅನ್ನಿಸಬಹುದು. ಜೀವಾವಧಿಯ ಬದಲು ಕೆಲವು ವರ್ಷ ಅನ್ನುವುದು ಸಣ್ಣ ಸಂಗತಿಯಲ್ಲ.

ಆಯುಧದ ವಿಷಯವೂ ಇಲ್ಲೇ ಬರುತ್ತದೆ. ತೋಟದ ಕತ್ತಿಯನ್ನು ಪೊಲೀಸರು ವಶಪಡಿಸಿಕೊಂಡು ವೈದ್ಯರಿಂದ ಅಭಿಪ್ರಾಯ ಬರೆಸಿಕೊಳ್ಳುತ್ತಾರೆ. ‘ಈ ಕತ್ತಿಯಿಂದ ಈ ಗಾಯ ಆಗಬಹುದು.’ ನಮ್ಮಲ್ಲಿ ಮನೆಗೊಂದು ಅಂಥ ಕತ್ತಿ ಇರುತ್ತದೆ. ಆಯುಧವನ್ನು ಕೋರ್ಟಿನಲ್ಲೇ ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆಯುವುದು ಪ್ರಾಸಿಕ್ಯೂಷನ್ ಕರ್ತವ್ಯ ಎಂದು 1976ರ ಕರ್ತರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೈಕೋರ್ಟಿನಲ್ಲಿ ನಡೆಯುವುದು

ಹಾಸನ, ಚಿಕ್ಕಮಗಳೂರು ಎರಡೂ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಬರುತ್ತವೆ. ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯ ಮೇಲೆ ಅಪೀಲು ಹೋಗುವುದು ಹಕ್ಕು. ಯಾರ ಅನುಮತಿಯೂ ಬೇಡ. ಜೀವಾವಧಿ ಶಿಕ್ಷೆಗೆ ಗಡುವು 60 ದಿನ, ಗಲ್ಲು ಶಿಕ್ಷೆಗೆ 30 ದಿನ. ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ತಡವಾದರೆ ಕಾರಣ ಹೇಳಿ ಮನ್ನಿಸುವಂತೆ ಕೇಳಬಹುದು. ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿ ಉಚಿತವಾಗಿ ಸಿಗಬೇಕು. ಅವರು ಜೈಲಿನಿಂದಲೇ, ಜೈಲಿನ ಅಧಿಕಾರಿಯ ಮೂಲಕ ಅಪೀಲು ಕಳಿಸಬಹುದು.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಅದಕ್ಕಿಂತ ಮೊದಲು ನಡೆದ ಘಟನೆಗೆ ಅಪರಾಧದ ಕಲಂ ಹಳೆಯ ದಂಡ ಸಂಹಿತೆಯದ್ದೇ ಇರುತ್ತದೆ. ಹಾಗಾಗಿ ತೀರ್ಪಿನಲ್ಲಿ 302 ಅಂತ ಕಂಡರೆ ಗಾಬರಿ ಬೇಡ.

ಅಪೀಲು ಹಾಕುವಾಗಲೇ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಅರ್ಜಿ ಹಾಕುತ್ತಾರೆ. ಕೊಲೆ ಕೇಸಿನಲ್ಲಿ ಸರ್ಕಾರಿ ಅಭಿಯೋಜಕರಿಗೆ ಆಕ್ಷೇಪಣೆ ಹೇಳಲು ಅವಕಾಶ ಕೊಟ್ಟೇ ಇದನ್ನು ತೀರ್ಮಾನಿಸುತ್ತಾರೆ. ಸುಲಭವಾಗಿ ಸಿಗುವುದಿಲ್ಲ. ಆದರೆ ಅಪೀಲನ್ನು ನ್ಯಾಯವಾದ ಅವಧಿಯೊಳಗೆ ಕೇಳಲು ಆಗದಿದ್ದರೆ ಮನುಷ್ಯನನ್ನು ಸುಮ್ಮನೆ ಒಳಗಿಡುವುದು ಸರಿಯಲ್ಲ ಅಂತ 1977ರ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೈದ್ಯಕೀಯ ಸಾಕ್ಷ್ಯದಲ್ಲಿ ಎದ್ದು ಕಾಣುವ ದೋಷ ಇದ್ದರೆ ಅದನ್ನು ಈ ಅರ್ಜಿಯಲ್ಲೇ ಎರಡು ಪುಟದಲ್ಲಿ ತೋರಿಸಬೇಕು.

ವಿಚಾರಣೆ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ. ಅವರು ಕೆಳಗಿನ ಕೋರ್ಟಿನ ತೀರ್ಪನ್ನಷ್ಟೇ ನೋಡುವುದಿಲ್ಲ. ಸಾಕ್ಷ್ಯವನ್ನೆಲ್ಲ ತಾವೇ ಮತ್ತೆ ಓದಿ ತೂಗಬೇಕು. ವೈದ್ಯರ ಸಾಕ್ಷ್ಯವನ್ನೂ ಬೇರೆ ಸಾಕ್ಷಿಗಳ ಮಾತಿನ ಹಾಗೆಯೇ ಪರೀಕ್ಷಿಸಬೇಕು, ವೈದ್ಯ ಅನ್ನುವ ಕಾರಣಕ್ಕೇ ಕಣ್ಣುಮುಚ್ಚಿ ನಂಬುವ ಹಾಗಿಲ್ಲ ಅಂತ 1982ರ ಮಯೂರ್ ಪನಾಭಾಯಿ ಶಾ ತೀರ್ಪು ಹೇಳುತ್ತದೆ.

ಇಲ್ಲೊಂದು ಅಡ್ಡಿ ಇದೆ, ಇದರಲ್ಲೇ ಎಷ್ಟೋ ಒಳ್ಳೆಯ ಅಪೀಲುಗಳು ಸೋಲುತ್ತವೆ. ಕೆಳಗಿನ ಕೋರ್ಟಿನಲ್ಲಿ ವೈದ್ಯರಿಗೆ ಪ್ರಶ್ನೆಯನ್ನೇ ಕೇಳಿರುವುದಿಲ್ಲ. ಪಾಟಿ ಸವಾಲು ಮೂರೇ ಸಾಲು. ಅದರಲ್ಲಿ ವೈದ್ಯರ ಉತ್ತರ: ‘ನಾನು ಪೊಲೀಸರಿಗೆ ಅನುಕೂಲವಾಗುವಂತೆ ವರದಿ ಕೊಟ್ಟಿದ್ದೇನೆ ಎಂದರೆ ಸರಿಯಲ್ಲ.’ ಮುಗಿಯಿತು. ಆಮೇಲೆ ಹೈಕೋರ್ಟಿನಲ್ಲಿ ವೈದ್ಯಕೀಯ ಪಠ್ಯಪುಸ್ತಕ ತೆರೆದು ‘ಇವರು ಹೇಳಿದ್ದು ತಪ್ಪು’ ಅಂದರೆ ಕೋರ್ಟ್ ಒಪ್ಪುವುದು ಕಷ್ಟ. ಪುಸ್ತಕದ ಮಾತನ್ನು ವೈದ್ಯರ ಮುಂದಿಟ್ಟು ಉತ್ತರ ಪಡೆಯದೆ ಅವರ ಅಭಿಪ್ರಾಯವನ್ನು ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ಹೇಳಿದೆ.

ದಾರಿ ಪೂರ್ತಿ ಮುಚ್ಚಿಲ್ಲ. ಅಪೀಲಿನ ಹಂತದಲ್ಲಿ ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಹೈಕೋರ್ಟಿಗೆ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 391ನೇ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 432. ಇದರಡಿ ವೈದ್ಯರನ್ನು ಮತ್ತೆ ಕರೆಸಬಹುದು, ಇನ್ನೊಬ್ಬ ತಜ್ಞರ ಮಾತು ಕೇಳಬಹುದು, ಸಲ್ಲಿಕೆಯಾಗದೆ ಉಳಿದ ಪ್ರಯೋಗಾಲಯದ ವರದಿ ತರಿಸಬಹುದು. ಆದರೆ ಬಿಟ್ಟುಹೋದದ್ದನ್ನು ತೇಪೆ ಹಾಕಲು ಇದನ್ನು ಬಿಡುವುದಿಲ್ಲ. ಮೊದಲೇ ಯಾಕೆ ತರಲಿಲ್ಲ, ಈಗ ತರದಿದ್ದರೆ ಅನ್ಯಾಯ ಹೇಗಾಗುತ್ತದೆ ಅನ್ನುವುದಕ್ಕೆ ಗಟ್ಟಿ ಉತ್ತರ ಬೇಕು. ಬೇರೊಬ್ಬ ವಿಧಿವಿಜ್ಞಾನ ತಜ್ಞರಿಂದ ಇದೇ ವರದಿ, ಫೋಟೋಗಳ ಮೇಲೆ ಬರಹದಲ್ಲಿ ಅಭಿಪ್ರಾಯ ಪಡೆದು ಅರ್ಜಿಗೆ ಜೋಡಿಸಿದರೆ ಅರ್ಜಿಗೆ ತೂಕ ಬರುತ್ತದೆ. ತಜ್ಞರು ‘ನನ್ನ ಅಭಿಪ್ರಾಯ ಇದು’ ಅಂದರೆ ಸಾಲದು. ಯಾವ ಆಧಾರದ ಮೇಲೆ ಅಂತ ವಿವರಿಸಬೇಕು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ ನೋಡಿ. ಇಬ್ಬರು ಎಳೆಮಕ್ಕಳನ್ನು ಕೊಂದ ಆರೋಪದಲ್ಲಿ 1999ರಲ್ಲಿ ಶಿಕ್ಷೆಯಾಯಿತು. ಒಂದೇ ಮನೆಯಲ್ಲಿ ಎರಡು ಸಹಜ ಸಾವು ಆಗುವ ಸಾಧ್ಯತೆ 7 ಕೋಟಿ 30 ಲಕ್ಷದಲ್ಲಿ ಒಂದು ಅಂತ ಒಬ್ಬ ಮಕ್ಕಳ ತಜ್ಞರು ಕೋರ್ಟಿನಲ್ಲಿ ಹೇಳಿದ್ದರು. ಆ ಲೆಕ್ಕವೇ ತಪ್ಪು, ಯಾಕೆಂದರೆ ಒಂದೇ ಮನೆಯ ಎರಡು ಸಾವುಗಳನ್ನು ಪರಸ್ಪರ ಸಂಬಂಧವಿಲ್ಲದವು ಅಂತ ಗುಣಿಸಿದ್ದರು. ಮೊದಲ ಅಪೀಲು ವಜಾ ಆಯಿತು. ಎರಡನೇ ಮಗುವಿನ ಮೈಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದ ಪ್ರಯೋಗಾಲಯದ ವರದಿಯನ್ನು ಶವಪರೀಕ್ಷೆ ಮಾಡಿದ ವೈದ್ಯರು ಹೊರಗೆ ಹೇಳಿರಲೇ ಇಲ್ಲ. ಅದು ಗೊತ್ತಾದ ಮೇಲೆ, 2003ರಲ್ಲಿ ಎರಡನೇ ಅಪೀಲಿನಲ್ಲಿ ಬಿಡುಗಡೆ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫಾಲ್ಬಿಗ್ ನಾಲ್ಕು ಮಕ್ಕಳ ಸಾವಿನ ಕೇಸಿನಲ್ಲಿ 2003ರಿಂದ 2023ರವರೆಗೆ ಜೈಲಿನಲ್ಲಿದ್ದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯದ ಬಡಿತ ಕೆಡಿಸಬಲ್ಲ ವಂಶವಾಹಿ ದೋಷ ಇತ್ತೆಂದು ವಿಜ್ಞಾನಿಗಳು ತೋರಿಸಿದ ಮೇಲೆ ಕ್ಷಮಾದಾನ ಸಿಕ್ಕಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಶಿಕ್ಷೆಯೂ ರದ್ದಾಯಿತು.

ಇಂಗ್ಲೆಂಡಿನಲ್ಲಿ ಹಳೆಯ ಕೇಸನ್ನು ಮತ್ತೆ ಅಪೀಲು ಕೋರ್ಟಿಗೆ ಕಳಿಸಲೆಂದೇ 1997ರಿಂದ ಒಂದು ಆಯೋಗ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಹೈಕೋರ್ಟ್ ತೀರ್ಪು ಕೊಟ್ಟ ಮೇಲೆ ಅಕ್ಷರ ದೋಷ ತಿದ್ದುವುದು ಬಿಟ್ಟರೆ ಅದನ್ನು ತಾನೇ ಬದಲಿಸುವ ಹಾಗಿಲ್ಲ. ಆಮೇಲೆ ಉಳಿಯುವುದು ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿ. ಅಲ್ಲಿ ಎರಡು ಕೋರ್ಟ್ ಒಪ್ಪಿದ ಸಂಗತಿಯನ್ನು ಮತ್ತೆ ಬಿಚ್ಚಿ ನೋಡುವುದು ಅಪರೂಪ. ಅದೂ ಮುಗಿದರೆ ಪುನರ್‌ಪರಿಶೀಲನೆ, ಅದೂ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೇ ಹಾಕುವ ಕೊನೆಯ ಅರ್ಜಿಯಾದ ಕ್ಯುರೇಟಿವ್ ಅರ್ಜಿ, ರಾಜ್ಯಪಾಲರು ಮತ್ತು ರಾಷ್ಟ್ರಪತಿಗಳ ಕ್ಷಮಾದಾನ. ಪ್ರತಿ ಮೆಟ್ಟಿಲಿನಲ್ಲೂ ಬಾಗಿಲು ಕಿರಿದಾಗುತ್ತದೆ. ಹಾಗಾಗಿ ವೈದ್ಯಕೀಯ ಅನುಮಾನ ಏನೇ ಇದ್ದರೂ ಹೈಕೋರ್ಟಿನಲ್ಲೇ ಪೂರ್ತಿಯಾಗಿ ಇಡಬೇಕು. ಇಂಥದ್ದೊಂದು ಆಯೋಗ ನಮಗೂ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2025ರ ಏಪ್ರಿಲ್‌ನಲ್ಲಿ ಪಕ್ಕದ ಮೈಸೂರಿನ ಕೋರ್ಟಿನಲ್ಲಿ ನಡೆದದ್ದು ನೆನಪಿರಬಹುದು. ಹೆಂಡತಿಯನ್ನು ಕೊಂದ ಆರೋಪದಲ್ಲಿ ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದ ಕೊಡಗಿನ ಒಬ್ಬರ ಕೇಸಿನಲ್ಲಿ ಆ ಹೆಂಡತಿಯೇ ಜೀವಂತ ಬಂದು ನಿಂತರು. ಸಿಕ್ಕಿದ್ದ ಅಸ್ಥಿಪಂಜರದ ಡಿಎನ್‌ಎ ಹೊಂದಿಯೇ ಇರಲಿಲ್ಲ. ಅದು ಆಗಿನ್ನೂ ವಿಚಾರಣೆ ಹಂತದಲ್ಲಿದ್ದ ಕೇಸು, ಹಾಗಾಗಿ ತಪ್ಪು ಸಿಕ್ಕಿಬಿತ್ತು.

ಈಗ ಕೈಯಲ್ಲಿ ಅಪೀಲು ಇರುವ ಮನೆಯವರಿಗೆ ಕೆಲಸದ ಮಾತು. ತೀರ್ಪಿನ ಪ್ರತಿ ಒಂದೇ ಸಾಲದು. ಶವದ ಪಂಚನಾಮೆ, ಪಿಎಂ ರಿಪೋರ್ಟ್, ಫೋಟೋಗಳು, ಆಸ್ಪತ್ರೆಯ ಕೇಸ್ ಶೀಟ್ ಮತ್ತು ಗಾಯದ ಪ್ರಮಾಣಪತ್ರ, ಎಫ್‌ಎಸ್‌ಎಲ್ ವರದಿ, ವೈದ್ಯರ ಮುಖ್ಯ ವಿಚಾರಣೆ ಮತ್ತು ಪಾಟಿ ಸವಾಲು, ಇಷ್ಟಕ್ಕೂ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಪಂಚನಾಮೆಯಲ್ಲಿ ಎಷ್ಟು ಗಾಯ, ವರದಿಯಲ್ಲಿ ಎಷ್ಟು, ವೈದ್ಯರ ಬಾಯಲ್ಲಿ ಎಷ್ಟು ಅಂತ ಒಂದು ಹಾಳೆಯಲ್ಲಿ ಪಕ್ಕ ಪಕ್ಕ ಬರೆಯಿರಿ. ‘ಅಂತಿಮ ಅಭಿಪ್ರಾಯ ಎಫ್‌ಎಸ್‌ಎಲ್ ವರದಿ ಬಂದ ಮೇಲೆ’ ಅಂತ ಬರೆದಿದ್ದರೆ ಆ ಅಂತಿಮ ಅಭಿಪ್ರಾಯ ಬಂತಾ, ಯಾವ ದಿನಾಂಕ ಅಂತ ಹುಡುಕಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನಿನಲ್ಲೇ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿದರೆ ಅರ್ಜಿಯನ್ನು ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಕಳಿಸಿಕೊಡುತ್ತಾರೆ. ಸಹಾಯವಾಣಿ 15100. ನೇಮಕವಾದ ವಕೀಲರನ್ನು ಭೇಟಿಯಾಗಲು ಹೋಗುವಾಗ ಆ ಒಂದು ಹಾಳೆಯನ್ನೂ ಮರೆಯದೆ ಒಯ್ಯಿರಿ.